ಬೇಯದ ಹಕ್ಕಿ

ಕೈ ಒಳಗೆ ಹೋಯಿತು, ಮಣಿಕಟ್ಟು ದಾಟಿತು, ಅಲ್ಲಿಗೆ ನಿಂತುಬಿಟ್ಟಿತು. ಸಿಗ್ನೆ ಇನ್ನೊಮ್ಮೆ ತಳ್ಳಿ ನೋಡಿದಳು. ಬೆರಳ ತುದಿಗೆ ತಾಗಿದ್ದು ಮಾಂಸವಲ್ಲ, ಎಲುಬೂ ಅಲ್ಲ. ನುಣ್ಣನೆಯ, ಗಟ್ಟಿಯಾದ, ಯಾರ ಮಾತಿಗೂ ಜಗ್ಗದಂತೆ ಕೂತಿದ್ದ ಮಂಜುಗಡ್ಡೆ. ಹೊರಗಿನಿಂದ ಈ ಟರ್ಕಿ ಕೋಳಿ ಎಷ್ಟು ಮೆತ್ತಗಿತ್ತು! ತೊಡೆಯ ಮೇಲೆ ಹೆಬ್ಬೆರಳು ಊರಿದರೆ ಗುಳಿ ಬೀಳುತ್ತಿತ್ತು, ಚರ್ಮ ವಯಸ್ಸಾದವರ ಕತ್ತಿನಂತೆ ಜೋಲುತ್ತಿತ್ತು. ನಿನ್ನೆ ಸಂಜೆ ಗ್ಯಾರೇಜಿಗೆ ಹೋಗಿ ಹೀಗೇ ಒತ್ತಿ ನೋಡಿ, ಕರಗಿದೆ ಎಂದು ತನಗೆ ತಾನೇ ಹೇಳಿಕೊಂಡು, ಬಾಗಿಲೆಳೆದುಕೊಂಡು ಬಂದಿದ್ದಳು. ಒಳಗೆ ಕೈ ಹಾಕಿ ನೋಡಬಹುದಿತ್ತು. ಹಾಕಲಿಲ್ಲ. ಹಾಕದೇ ಇದ್ದದ್ದು ಮರೆವಿನಿಂದಲ್ಲ ಎನ್ನುವುದು ಈಗ, ಬೆಳಗಿನ ಅಡುಗೆಮನೆಯಲ್ಲಿ ಒಂದು ಕೈಯನ್ನು ಸತ್ತ ಹಕ್ಕಿಯ ಹೊಟ್ಟೆಯೊಳಗಿಟ್ಟುಕೊಂಡು ನಿಂತಾಗ, ಸ್ಪಷ್ಟವಾಗುತ್ತಿತ್ತು. ಅವಳು ಯಾವುದರ ಒಳಗೂ ಕೈ ಹಾಕಿ ನೋಡುವವಳಲ್ಲ. ಮೇಲಿನಿಂದ ಒತ್ತಿ ನೋಡುವವಳು. ಈಗ ಬೇರೆಯಾಗಿರುವ ಗಂಡ ಕರ್ಟ್ ಜೊತೆ ಬಾಳಿದ ಅಷ್ಟೂ ವರ್ಷ ಅವನ ಮುಖವನ್ನು ಹೀಗೇ ದಿನಾ ಮೇಲಿನಿಂದ ಒತ್ತಿ ನೋಡಿ, ಎಲ್ಲ ಸರಿಯಿದೆ ಅಂದುಕೊಂಡು ದೀಪ ಆರಿಸಿ ಮಲಗುತ್ತಿದ್ದಳು. ಬೆರಳುಗಳು ಮರಗಟ್ಟತೊಡಗಿದವು. ಆದರೂ ಕೈ ಹೊರಗೆ ತೆಗೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹೀಗೇ ಇಟ್ಟುಕೊಂಡಿದ್ದರೆ ತನ್ನ ಮೈಯ ಬಿಸಿಗೇ ಅದು ಕರಗೀತು ಎಂಬ ಹುಚ್ಚು ಆಸೆ.

ಈ ಊರಲ್ಲಿ ನವೆಂಬರ್ ಬಂತೆಂದರೆ ಗ್ಯಾರೇಜೇ ಎರಡನೇ ಫ್ರಿಡ್ಜು. ಬಿಯರಿನ ಡಬ್ಬಿ, ಮಿಕ್ಕ ಸೂಪು, ಚರ್ಚಿನ ಊಟಕ್ಕೆಂದು ಮುಂಚಿತವಾಗಿ ಮಾಡಿಟ್ಟ ಆಲೂಗೆಡ್ಡೆಯ ತಟ್ಟೆ, ಎಲ್ಲವೂ ಕಾರಿನ ಪಕ್ಕ, ಹಿಮ ಎತ್ತುವ ಸಲಿಕೆಯ ನೆರೆಯಲ್ಲಿ ಕೂತಿರುತ್ತವೆ. ಈ ಹಕ್ಕಿ ಅಡುಗೆಮನೆಯ ಫ್ರಿಡ್ಜಿಗೆ ಹಿಡಿಸಲಿಲ್ಲ. ಎರಡು ಅಡ್ಡಹಲಗೆಗಳನ್ನು ಕಿತ್ತು ತಳ್ಳಿದರೂ ಬಾಗಿಲು ಮುಚ್ಚಲಿಲ್ಲ. ಹಾಗಾಗಿ ಭಾನುವಾರವೇ ಅದನ್ನು ಗ್ಯಾರೇಜಿನಲ್ಲಿ ದೊಡ್ಡ ಡಬ್ಬದಲ್ಲಿಟ್ಟಿದ್ದಳು, ನಿಧಾನಕ್ಕೆ ಕರಗಲಿ ಎಂದು. ವಾರದ ನಡುವೆ ಕೆನಡಾದ ಕಡೆಯ ಗಾಳಿ ಇಳಿಯಿತು. ಕೆರೆಯ ಅಂಚು ಬೆಳ್ಳಗಾಯಿತು. ಫ್ರಿಡ್ಜಾಗಿದ್ದ ಗ್ಯಾರೇಜು ಸದ್ದಿಲ್ಲದೆ ಫ್ರೀಜರಾಯಿತು, ಹೊರಗಿನದು ಮೆತ್ತಗಾಗಿದ್ದರೂ ಒಳಗಿನದು ಕರಗದೆ ಕಲ್ಲಾಗೇ ಉಳಿಯಿತು. ಹೀಗಾಗುತ್ತದೆ ಎಂದು ಈ ಉತ್ತರದ ಸೀಮೆಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತು. ಅವಳೂ ಇಲ್ಲೇ ಹುಟ್ಟಿ ಬೆಳೆದವಳು.

ಇಷ್ಟು ದೊಡ್ಡದನ್ನು ಅವಳು ಕೊಂಡು ತಂದದ್ದಲ್ಲ. ಗೆದ್ದದ್ದು. ಮಾಜಿ ಸೈನಿಕರ ಕ್ಲಬ್ಬಿನಲ್ಲಿ ವಾರಕ್ಕೊಮ್ಮೆ ಮಾಂಸದ ಲಾಟರಿ ನಡೆಯುತ್ತದೆ. ಚೀಟಿ ಕೊಂಡು ಬಿಯರ್ ಕುಡಿಯುತ್ತಾ ಕೂತರೆ ಚಕ್ರ ತಿರುಗಿಸಿ ಒಬ್ಬರಿಗೆ ಹಂದಿಮಾಂಸ, ಒಬ್ಬರಿಗೆ ಸಾಸೇಜು. ಮಗಳು ಬ್ರಿಟಾ ತನ್ನ ಅಪ್ಪನ ಮನೆಯಲ್ಲಿರುವ ವಾರ, ಮನೆಯ ನಿಶ್ಶಬ್ದಕ್ಕೆ ಹೆದರಿ ಸಿಗ್ನೆ ಅಲ್ಲಿಗೆ ಹೋಗಿ ಮೂಲೆಯಲ್ಲಿ ಕೂತಿದ್ದಳು. ಅವಳ ಸಂಖ್ಯೆ ಕೂಗಿದಾಗ ಏಳಲಿಲ್ಲ. "ಯಾರ್ರೀ ಅದು? ನಾಚ್ಕೋಬೇಡ್ರೀ, ಹಕ್ಕಿ ಕಚ್ಚಲ್ಲ, ಸತ್ತಿದೆ," ಎಂದು ಮೈಕಿನವನು ಎರಡನೇ ಸಲ ಕೂಗಿದಾಗ ಕೂತಿದ್ದವರೆಲ್ಲ ನಕ್ಕರು. ಎದ್ದು ಹೋದವಳ ತೋಳಿಗೆ ಅವನು ಇಪ್ಪತ್ತೆಂಟು ಪೌಂಡಿನ ಆ ಗಟ್ಟಿ ಗುಂಡನ್ನು ಇಳಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿದರೆ, ಅದರ ಭಾರಕ್ಕೆ ಯಾರೋ ಮನುಷ್ಯರು ಕೂತಿದ್ದಾರೆಂದು ತಿಳಿದು ಕಾರು ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿತು. ಸಿಗ್ನೆ ಹಕ್ಕಿಗೆ ಬೆಲ್ಟು ಕಟ್ಟಿದಳು. ಸದ್ದು ನಿಂತಿತು. ಮನೆಯವರೆಗೂ ಅವಳು ಅದರ ಜೊತೆ ಮಾತಾಡಿದ್ದಳು ಎಂದರೆ ಯಾರೂ ನಂಬುವುದಿಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ.

ಅದೇ ವಾರ ಕರ್ಟ್‌ಗೆ ಫೋನ್ ಮಾಡಿ, ಈ ಸಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ನಮ್ಮನೆಲಿ, ಬ್ರಿಟಾ ಇಲ್ಲೇ ಉಣ್ಣಲಿ ಎಂದಳು. ಹೇಳುವಾಗ ತನ್ನ ದನಿ ಯಾರದೋ ದನಿಯಂತಿತ್ತು. "ಸರಿ," ಎಂದ ಅವನು, ಒಂದೇ ಒಂದು ಪ್ರಶ್ನೆ ಕೇಳದೆ. "ಆದ್ರೆ ನಾಲ್ಕು ಗಂಟೆಗೆ ಬಂದು ಕರ್ಕೊಂಡು ಹೋಗ್ತೀನಿ. ಐದಕ್ಕೆಲ್ಲ ನಮ್ಮಮ್ಮ ಎಲ್ಲರನ್ನೂ ಕೂರಿಸ್ತಾಳೆ, ನಿಂಗೆ ಗೊತ್ತಲ್ಲ." ಗೊತ್ತು. ಅವನ ತಾಯಿಯ ಮನೆಯ ಆ ಉದ್ದನೆಯ ಮೇಜು ಗೊತ್ತು. ಯಾರು ಏನು ತರಬೇಕೆಂದು ಆಕೆ ಅಕ್ಟೋಬರಿನಲ್ಲೇ ಹಂಚುತ್ತಿದ್ದಳು: ದೊಡ್ಡ ಸೊಸೆಗೆ ಆಲೂಗೆಡ್ಡೆ, ಮಗಳಿಗೆ ಸಿಹಿ ಪೈ. ಸಿಗ್ನೆಗೆ ಪ್ರತಿ ವರ್ಷವೂ ಉಪ್ಪಿನಕಾಯಿ ಮತ್ತು ಆಲಿವ್ ಜೋಡಿಸಿದ ತಟ್ಟೆ. ಶೀಶೆ ತೆರೆಯುವುದು, ಸುರಿಯುವುದು, ಜೋಡಿಸುವುದು. ಒಲೆ ಹಚ್ಚಬೇಕಿಲ್ಲದ, ಕೆಡಿಸಲಾಗದ ಒಂದೇ ಒಂದು ಬಾಬತ್ತು. ಯಾರೂ ಅವಳನ್ನು ಹೀಯಾಳಿಸಿರಲಿಲ್ಲ. ಬ್ರಿಟಾ ಚಿಕ್ಕವಳಿದ್ದಾಗ ಬೀಜ ತೆಗೆದ ಆ ಆಲಿವ್ ಕಾಯಿಗಳನ್ನು ಹತ್ತೂ ಬೆರಳಿಗೆ ಸಿಕ್ಕಿಸಿಕೊಂಡು ಒಂದೊಂದೇ ತಿನ್ನುತ್ತಿದ್ದಳು. ಈಗ ಅವಳಿಗೆ ಹದಿಮೂರು. ಅವಳು ಇವತ್ತು ಈ ಮನೆಯ ಮೇಜಿನ ಮುಂದೆ ಕೂತು, ಅಮ್ಮ ಕೈಯಾರೆ ಬೇಯಿಸಿದ ಈ ಹಕ್ಕಿಯ ಒಂದು ಹೋಳನ್ನಾದರೂ ತಿಂದು, ಆಮೇಲೆ ಆ ಕಾರು ಹತ್ತಬೇಕು. ಸಿಗ್ನೆ ಕೇಳಿಕೊಂಡದ್ದು ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಕೇಳಿಕೊಳ್ಳುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು.

"ಅಯ್ಯೋ ದೇವರೇ, ಇದೇನೇ ಇದು, ಕೋಳಿಯೋ ಕರುವೋ?"

ಅಮ್ಮ ಆರ್ಡಿಸ್ ಎರಡು ಕೈಯಲ್ಲೂ ಕುಂಬಳಕಾಯಿ ಪೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಅಣ್ಣ ಲೈಲ್, ಬೂಟಿನ ಹಿಮ ಕೊಡವುತ್ತಾ. ಸಿಗ್ನೆ ಗಡಬಡಿಸಿ ಕೈ ಎಳೆದುಕೊಂಡಳು. ಕೈ ಕೆಂಪಗೆ, ಒದ್ದೆಯಾಗಿ, ತನ್ನದಲ್ಲದ್ದರ ಹಾಗೆ ನೇತಾಡಿತು. ಲೈಲ್ ಹತ್ತಿರ ಬಂದು ಹಕ್ಕಿಯ ಎದೆಯ ಮೇಲೆ ಗೆಣ್ಣಿನಿಂದ ತಟ್ಟಿದ. ಬಾಗಿಲು ತಟ್ಟಿದ ಸದ್ದು ಬಂತು.

"ಒಳಗೆ ಯಾರೋ ಇದಾರೆ," ಎಂದ ಅವನು.

"ಸುಮ್ನಿರೋ ಅಣ್ಣ."

"ಗ್ಯಾರೇಜಲ್ಲಿಟ್ಟಿದ್ಯಾ?" ಆರ್ಡಿಸ್ ಪೈ ಕೆಳಗಿಟ್ಟು ಕೋಟು ಬಿಚ್ಚದೆಯೇ ಕೇಳಿದಳು. "ಮೊನ್ನೆಯ ಚಳಿಗೆ ನಮ್ಮನೆ ಹಾಲೇ ಡಬ್ಬಿಲಿ ಕಲ್ಲಾಗಿತ್ತು ಕಣೇ. ಒಂದು ಫೋನ್ ಮಾಡಿದ್ರೆ ನಾನು ಹೇಳ್ತಿರಲಿಲ್ವಾ? ಪರವಾಗಿಲ್ಲ ಬಿಡು. ಆಗಿದ್ದಾಯ್ತು." ಆರ್ಡಿಸಳ ಬಾಯಲ್ಲಿ 'ಪರವಾಗಿಲ್ಲ' ಎನ್ನುವುದು ಎಲ್ಲಕ್ಕೂ ಸಲ್ಲುವ ಮಾತು. ಹೆರಿಗೆಗೂ ಅದೇ, ಶವಸಂಸ್ಕಾರಕ್ಕೂ ಅದೇ, ಮಗಳ ಮದುವೆ ಮುರಿದ ಸುದ್ದಿ ಕೇಳಿದಾಗಲೂ ಆಕೆ ಹೆಣಿಗೆಯ ಕಡ್ಡಿ ನಿಲ್ಲಿಸದೆ ಅದನ್ನೇ ಹೇಳಿದ್ದಳು. ಅದರಲ್ಲಿ ಎಷ್ಟು ಸಮಾಧಾನವಿದೆ, ಎಷ್ಟು ದೂರು ಇದೆ ಎಂದು ಅಳೆಯುತ್ತಲೇ ಸಿಗ್ನೆ ಬೆಳೆದಿದ್ದಳು.

ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿಡಬೇಕು, ನೀರು ಬದಲಿಸುತ್ತಿರಬೇಕು ಎಂದಾಯಿತು. ಅಷ್ಟು ದೊಡ್ಡ ಪಾತ್ರೆ ಇರಲಿಲ್ಲ. ಲೈಲ್ ಹಕ್ಕಿಯನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತಿ ಬಚ್ಚಲುಮನೆಯ ಸ್ನಾನದ ತೊಟ್ಟಿಗೆ ಇಳಿಸಿದ. "ಕಿವಿ ಹಿಂದೆ ಚೆನ್ನಾಗಿ ಉಜ್ಜು," ಎಂದು ಕೆಳಗಿಳಿದು ಹೋದ. ಟೀವಿಯಲ್ಲಿ ಹಬ್ಬದ ಮೆರವಣಿಗೆ, ಫುಟ್‌ಬಾಲಿನ ಮಾತುಕತೆ ಶುರುವಾಗಿತ್ತು. ಸಿಗ್ನೆ ತೊಟ್ಟಿಯ ಅಂಚಿನಲ್ಲಿ ಕೂತು ಚೊಂಬಿನಿಂದ ಹಕ್ಕಿಯ ಹೊಟ್ಟೆಯೊಳಗೆ ನೀರು ಹೊಯ್ದಳು. ರೆಕ್ಕೆಗಳನ್ನು ಹಿಂದಕ್ಕೆ ಮಡಚಿಕೊಂಡು, ಮೊಣಕಾಲು ಮೇಲೆತ್ತಿ, ಅದು ಅಂಗಾತ ತೇಲಿದ ಹಾಗೆ ಮಲಗಿತ್ತು. ಇದೇ ತೊಟ್ಟಿ. ಇದೇ ಅಂಚು. ಸಾಬೂನಿನ ನೊರೆಯಲ್ಲಿ ಬ್ರಿಟಾ ಮೊಣಕಾಲು ಮೇಲೆತ್ತಿ ಹೀಗೇ ಮಲಗಿ, ಕಿವಿ ಮುಳುಗಿಸಿ, ಅಮ್ಮ ನೀನು ದೂರದಿಂದ ಮಾತಾಡ್ತಿದೀಯ ಎನ್ನುತ್ತಿದ್ದಳು. ಒಮ್ಮೆ ಫೋನ್ ಬಂದಿತೆಂದು ಒಂದು ಗಳಿಗೆ ಎದ್ದು ಹೋಗಿದ್ದಾಗ ಮಗು ಜಾರಿತ್ತು. ಓಡಿ ಬಂದು ಎತ್ತಿದಾಗ ಕೆಮ್ಮುತ್ತಾ ನಗುತ್ತಿತ್ತು. ಕರ್ಟ್‌ಗೆ ಹೇಳಿರಲಿಲ್ಲ. ನೀರು ಹೊಯ್ಯುತ್ತಾ ಸಿಗ್ನೆ ತನಗರಿವಿಲ್ಲದೆ ಎಡಗೈಯನ್ನು ಹಕ್ಕಿಯ ಬೆನ್ನ ಕೆಳಗೆ ಕೊಟ್ಟಿದ್ದಳು, ಜಾರದಿರಲಿ ಎಂಬಂತೆ.

"ಅಮ್ಮಾ, ಏನ್ ಮಾಡ್ತಿದೀಯ?"

ಬ್ರಿಟಾ ನಿದ್ದೆಗಣ್ಣಲ್ಲಿ, ಕೆದರಿದ ಕೂದಲಲ್ಲಿ ನಿಂತಿದ್ದಳು. ತೊಟ್ಟಿಯನ್ನು ನೋಡಿದಳು. ಮುಖ ನಿಧಾನಕ್ಕೆ ಅರಳಿತು. ಎಷ್ಟು ತಿಂಗಳಾಗಿತ್ತೋ ಆ ನಗು ಈ ಮನೆಯಲ್ಲಿ ಕೇಳಿ. ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಿಗ್ನೆಯೂ ನಕ್ಕಳು. ನಗುತ್ತಾ, ಇರಲಿ, ಇದೊಂದೇ ಸಾಕು, ಕೋಳಿ ಬೇಯದಿದ್ದರೂ ಸಾಕು ಅನ್ನಿಸಿಬಿಟ್ಟಿತು ಒಂದು ಕ್ಷಣ. "ಹಾಗೇ ಇರು, ಕೈ ಹಾಗೇ ಇಟ್ಕೋ," ಎಂದು ಬ್ರಿಟಾ ಫೋಟೋ ತೆಗೆದಳು. ಹೆಬ್ಬೆರಳುಗಳು ಫೋನಿನ ಮೇಲೆ ಓಡಾಡಿದವು. ಸ್ವಲ್ಪ ಹೊತ್ತಿಗೆ ಫೋನು ಗುಂಯ್ ಎಂದಿತು.

"ಅಪ್ಪ ಹೇಳ್ತಿದಾನೆ, ಅಮ್ಮಂಗೆ ಗಾಬರಿ ಬೇಡ ಅಂತ ಹೇಳು, ಇಲ್ಲಿ ಬೇಕಾದಷ್ಟಿದೆ ಅಂತೆ," ಓದಿದಳು ಬ್ರಿಟಾ, ಇನ್ನೂ ನಗುತ್ತಲೇ. ಓದಿ ಮುಗಿಸಿದ ಮೇಲೆ ಅವಳ ಮುಖದಲ್ಲಿ ಏನೋ ಮುದುಡಿತು. "ತಮಾಷೆಗೆ ಕಳಿಸಿದ್ದಮ್ಮ."

"ಗೊತ್ತು ಪುಟ್ಟ."

"ಸಾರಿ."

"ಸಾರಿ ಯಾಕೆ? ತಮಾಷೆಯಾಗೇ ಇದೆ."

ಆ ಉದ್ದನೆಯ ಮೇಜಿನ ಸುತ್ತ ಫೋನು ಕೈಯಿಂದ ಕೈಗೆ ಹೋಗುತ್ತಿರುವುದನ್ನು ಸಿಗ್ನೆ ಕಂಡಳು. ಅವರು ಕೆಟ್ಟದಾಗಿ ನಗುವವರಲ್ಲ. ಪಾಪ ಎನ್ನುತ್ತಾರೆ. ಕರ್ಟನ ತಾಯಿ ಕನ್ನಡಕ ಹಾಕಿಕೊಂಡು ನೋಡಿ, 'ಪಾಪ, ಅವಳು ಇನ್ನೂ ಸಣ್ಣದು ತಗೊಳ್ಳಬಹುದಿತ್ತಲ್ವಾ' ಎನ್ನುತ್ತಾಳೆ. ಆ ಪಾಪ ಎಂಬ ಮಾತು ಇಲ್ಲಿಯವರೆಗೂ ಬಂದು ಬಚ್ಚಲಿನ ಗೋಡೆಗೆ ಹಬೆಯ ಹಾಗೆ ಅಂಟಿಕೊಂಡಿತು.

ಹಕ್ಕಿಯ ಈಲಿ, ಗುಂಡಿಗೆಗಳನ್ನು ಸುತ್ತಿ ಹೊಟ್ಟೆಯೊಳಗೆ ಇಟ್ಟಿದ್ದ ಕಾಗದದ ಪೊಟ್ಟಣ ಕಡೆಗೂ ಕಿತ್ತು ಬಂತು. ಆದರೆ ಎದೆಗೂಡಿನ ಆಳದಲ್ಲಿ ಇನ್ನೂ ಮುಷ್ಟಿಯಷ್ಟು ಮಂಜು ಉಳಿದಿತ್ತು. ಇನ್ನು ಕಾಯಲು ಹೊತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಮಲಗಿಸಿದಾಗ ಲೈಲ್ ತಮಾಷೆ ಬಿಟ್ಟು, ಪಶುವೈದ್ಯನ ಹಾಗೆ ಸುತ್ತು ಹಾಕಿ ನೋಡಿದ. ಪ್ರತಿ ವರ್ಷ ಜಿಂಕೆ ಹೊಡೆದು ತಾನೇ ಹೋಳು ಮಾಡುವವನು ಅವನು. "ಕೇಳು ಸಿಗ್ನೆ. ಹೀಗೇ ಇಟ್ರೆ ಸಂಜೆ ಆದ್ರೂ ಬೇಯಲ್ಲ. ನನ್ನ ಗಾಡಿಲಿ ಗರಗಸ ಇದೆ. ಬೆನ್ನುಮೂಳೆ ತೆಗೆದು ಎರಡು ಹೋಳು ಮಾಡ್ತೀನಿ, ತೊಡೆ ಬೇರೆ ಮಾಡ್ತೀನಿ. ಎರಡು ತಟ್ಟೇಲಿ ಹರಡಿ ಒಳಗಿಟ್ರೆ ಮೂರು ಗಂಟೆಗೆಲ್ಲ ಊಟಕ್ಕೆ ಕೂರಬಹುದು."

"ಅವನು ಹೇಳೋದು ಸರಿಯಾಗಿದೆ ಕಣೇ," ಎಂದಳು ಆರ್ಡಿಸ್ ಆಲೂಗೆಡ್ಡೆ ಸುಲಿಯುತ್ತಾ. "ಹೊಟ್ಟೆಗೆ ಹೋಗೋದು ಹೋಳು ತಾನೆ?"

ಸರಿಯಾಗಿತ್ತು. ಅದು ಸರಿ ಎಂದು ಸಿಗ್ನೆಗೆ ಆ ಕ್ಷಣದಲ್ಲೇ, ಪೂರ್ತಿಯಾಗಿ ಗೊತ್ತಿತ್ತು. 'ಆಗಲಿ' ಎನ್ನಲು ಬಾಯಿಯನ್ನೂ ತೆರೆದಳು. ತೆರೆದ ಬಾಯಲ್ಲಿ ಅವಳಿಗೆ ಕಂಡದ್ದು ಬೇರೆ: ಅಂಗಡಿಯಿಂದ ತಂದು ಯಾರಿಗೂ ಕಾಣದಂತೆ ಬಟ್ಟೆಯ ಕಪಾಟಿನಲ್ಲಿ ಇಟ್ಟಿದ್ದ ನೀಲಿ ಅಂಚಿನ ಅಂಡಾಕಾರದ ದೊಡ್ಡ ತಟ್ಟೆ, ಅದರ ಮೇಲೆ ಇಡಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಮಿರುಗುತ್ತಾ ಕೂತ ಹಕ್ಕಿ, ತಾನು ಅದನ್ನೆತ್ತಿಕೊಂಡು ಊಟದ ಕೋಣೆಯ ಬಾಗಿಲು ದಾಟುವುದು, ಬ್ರಿಟಾ ತಲೆಯೆತ್ತಿ ನೋಡುವುದು. ಕರ್ಟನ ತಾಯಿಯ ಮನೆಯಲ್ಲಿ ಯಾವತ್ತೂ ಇಡಿಯಾಗೇ ಬರುತ್ತಿತ್ತು. ಇಲ್ಲಿ ಕೈಮುರಿದ ಹೋಳುಗಳ ರಾಶಿ ಬಂದರೆ ಮಗು ಏನೂ ಅನ್ನುವುದಿಲ್ಲ. ಅನ್ನದೇ ಇರುವುದನ್ನು ಅವಳು ಇತ್ತೀಚೆಗೆ ಚೆನ್ನಾಗಿ ಕಲಿತಿದ್ದಾಳೆ.

"ಬೇಡ," ಎಂದಳು ಸಿಗ್ನೆ. "ಇಡಿಯಾಗೇ ಇರಲಿ. ಬೇಯುತ್ತೆ."

ಲೈಲ್ ಅಮ್ಮನ ಮುಖ ನೋಡಿದ. ಆರ್ಡಿಸ್ ಸಿಪ್ಪೆಯ ಮುಖ ನೋಡಿದಳು. "ನಿನ್ನ ಮನೆ, ನಿನ್ನ ಹಕ್ಕಿ," ಎಂದು ಲೈಲ್ ಎರಡು ಕೈಯನ್ನೂ ಎತ್ತಿಬಿಟ್ಟ.

ಅದು ಓವನ್ನಿಗೆ ಹೋಗಲೂ ಒಪ್ಪಲಿಲ್ಲ. ತಗಡಿನ ತೆಳು ತಟ್ಟೆ ಭಾರಕ್ಕೆ ನಡುವೆ ಬಾಗಿತು. ಎದೆ ಮೇಲಿನ ಕಾಯಿಸುವ ಸುರುಳಿಗೆ ತಾಗಿತು. ಕಾಲು ಬಾಗಿಲಿಗೆ ಒತ್ತಿತು. ಮೇಲಿನ ಜಾಲರಿ ಕಿತ್ತು, ಕೆಳಗಿನದನ್ನು ಇನ್ನೂ ಕೆಳಗಿಳಿಸಿ, ಕಾಲುಗಳನ್ನು ದಾರದಿಂದ ಬಿಗಿದು, ಲೈಲ್ ಭುಜ ಕೊಟ್ಟು ಬಾಗಿಲು ಮುಚ್ಚಿದ. ಗಾಜಿನ ಹಿಂದೆ ಅದು ಇಡೀ ಓವನ್ನನ್ನು ತುಂಬಿಕೊಂಡು ಕೂತಿತು. ತನ್ನ ಮನೆಯೊಳಗೆ ತನಗಿಂತ ದೊಡ್ಡದಾದದ್ದೊಂದನ್ನು ತಂದು ಕೂಡಿಹಾಕಿದ್ದೇನೆ, ಇನ್ನು ಅದು ಹೇಳಿದ ಹಾಗೆ ತಾನು ಕೇಳಬೇಕು ಎನ್ನಿಸಿ ಸಿಗ್ನೆಗೆ ಭಯವಾಯಿತು.

ಆಮೇಲೆ ಹಗಲೆಲ್ಲ ಕಾಯುವುದೇ ಆಯಿತು. ಬಾಗಿಲು ತೆರೆದರೆ ಬಿಸಿ ಹೋಗುತ್ತದೆ, ತೆರೆಯದಿದ್ದರೆ ಗೊತ್ತಾಗುವುದಿಲ್ಲ. ಶಾಖ ಅಳೆಯುವ ಮಾಪಕದ ಮುಳ್ಳನ್ನು ತೊಡೆಗೆ ಚುಚ್ಚಿದರೆ ಒಂದು ಲೆಕ್ಕ, ಎದೆಗೆ ಚುಚ್ಚಿದರೆ ಇನ್ನೊಂದು. ಮೂಳೆಯ ಹತ್ತಿರ ಅದು ಏಳುವುದೇ ಇಲ್ಲ, ಒಳಗೆ ಇನ್ನೂ ಗ್ಯಾರೇಜಿನ ಚಳಿಗಾಲವೇ ಇರುವ ಹಾಗೆ. ಬೆಣ್ಣೆ ಸವರಿದಳು. ರಸ ಹೊಯ್ದಳು. ಚರ್ಮ ಮಾತ್ರ ದಿವ್ಯವಾಗಿ ಕೆಂಪಾಗುತ್ತಿತ್ತು, ಪತ್ರಿಕೆಯ ಚಿತ್ರದಂತೆ. ವಾಸನೆ ಮನೆ ತುಂಬಿತು. ಆರ್ಡಿಸ್ ಆಲೂಗೆಡ್ಡೆ ಹಿಸುಕಿದಳು, ಹುರುಳಿಕಾಯಿಯ ಮೇಲೆ ಹುರಿದ ಈರುಳ್ಳಿ ಉದುರಿಸಿದಳು, ಕ್ರ್ಯಾನ್‌ಬೆರಿ ಗೊಜ್ಜನ್ನು ಡಬ್ಬಿಯಿಂದ ಡಬ್ಬಿಯ ಆಕಾರದಲ್ಲೇ ಜಾರಿಸಿದಳು. ಪ್ರತಿ ಸಲ ಸಿಗ್ನೆ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಾಗಲೂ ಆಕೆ ಬೇರೆ ಕಡೆ ನೋಡುತ್ತಿದ್ದಳು. ಆ ದಯೆ ಸಹಿಸಲಾಗುತ್ತಿರಲಿಲ್ಲ. ಈಗಲೂ ಕತ್ತರಿಸಬಹುದು, ಈಗಲೂ ಹೊರಗೆಳೆದು ಲೈಲನನ್ನು ಕರೆಯಬಹುದು ಎಂದು ಎಷ್ಟೋ ಸಲ ಅಂದುಕೊಂಡಳು. ಆದರೆ ಬೆಳಗ್ಗೆ ಬೇಡ ಎಂದವಳು ಈಗ ಬೇಕು ಎನ್ನುವುದಕ್ಕೆ ಬೇಕಾದ ಮುಖ ಅವಳಲ್ಲಿರಲಿಲ್ಲ. ಹಜಾರದಲ್ಲಿ ಬ್ರಿಟಾ ಮಾವನ ಪಕ್ಕ ಕೂತು ಆಟ ನೋಡುತ್ತಿದ್ದಳು. ಅವಳು ಆಗಲೇ ಒಳ್ಳೆಯ ಸ್ವೆಟರು ಹಾಕಿಕೊಂಡಿದ್ದಳು. ಅದು ಈ ಊಟಕ್ಕೋ ಆ ಊಟಕ್ಕೋ ಎಂದು ಕೇಳುವಂತಿರಲಿಲ್ಲ.

ಮೂರು ದಾಟಿದ ಮೇಲೆ ಆರ್ಡಿಸ್, "ಬನ್ನಿ, ಕೂತ್ಕೊಳ್ಳೋಣ. ಇದ್ದದ್ದು ಬಿಸಿಯಾಗಿರುವಾಗ ತಿನ್ನೋಣ, ಹಕ್ಕಿ ಬಂದಾಗ ಬರುತ್ತೆ," ಎಂದಳು. ಮೇಜಿನ ನಡುವೆ ನೀಲಿ ಅಂಚಿನ ಖಾಲಿ ತಟ್ಟೆ. ಅದನ್ನು ಎತ್ತಿಡೋಣವೆಂದರೆ ಆ ಜಾಗ ಇನ್ನೂ ಖಾಲಿ ಕಾಣುತ್ತಿತ್ತು. ಕೈ ಕೈ ಹಿಡಿದು ಒಬ್ಬೊಬ್ಬರೂ ಈ ವರ್ಷ ತಾನು ಯಾವುದಕ್ಕೆ ಕೃತಜ್ಞ ಎಂದು ಹೇಳಬೇಕು. ಸಿಗ್ನೆ ಈ ಘಳಿಗೆಗೆ ಚಿಕ್ಕಂದಿನಿಂದಲೂ ಹೆದರುತ್ತಿದ್ದಳು.

"ನಾನು ಈ ಬನ್ನಿಗೆ ಕೃತಜ್ಞ," ಎಂದ ಲೈಲ್. "ಇವತ್ತು ಈ ಮನೇಲಿ ಬೆಂದಿರೋದು ಇದೊಂದೇ."

"ಲೈಲ್!" ಆರ್ಡಿಸ್ ಗದರಿದಳು. "ನಾನು ಎಲ್ಲರ ಆರೋಗ್ಯಕ್ಕೆ. ಆಮೇಲೆ ನನ್ನ ಹೊಸ ಮಂಡಿಗೆ. ನೀನು ಹೇಳು ಪುಟ್ಟಿ."

ಬ್ರಿಟಾಳ ಕೈ ಸಿಗ್ನೆಯ ಕೈಯೊಳಗಿತ್ತು, ತಣ್ಣಗೆ, ತೆಳ್ಳಗೆ. "ಅಜ್ಜಿ ಹೇಳಿದ್ದೇ," ಎಂದಳು ಅವಳು. ಆಮೇಲೆ ಸಾಲದು ಎನ್ನಿಸಿತೋ ಏನೋ, "ಆಮೇಲೆ, ಅಮ್ಮ ಇಷ್ಟೆಲ್ಲ ಮಾಡಿದ್ದಕ್ಕೆ," ಎಂದು ಸೇರಿಸಿದಳು. ಶಾಲೆಯಲ್ಲಿ ಟೀಚರಿಗೆ ಹೇಳುವಂತೆ. ಸಿಗ್ನೆಯ ಸರದಿ ಬಂದಾಗ ಅವಳ ಬಾಯಿಂದ ಬಂದದ್ದು, "ನೀವೆಲ್ಲ ಬಂದಿದ್ದಕ್ಕೆ." ಬ್ರಿಟಾ ಬಂದದ್ದಲ್ಲ, ಅವಳು ಇಲ್ಲೇ ಇರುವವಳು, ಅರ್ಧ ದಿನಗಳಾದರೂ. ತಿದ್ದೋಣ ಎನ್ನುವಷ್ಟರಲ್ಲಿ ಎಲ್ಲರ ಕೈ ಬಿಟ್ಟುಹೋಗಿತ್ತು. ಬ್ರಿಟಾ ಒಂದು ಚಮಚ ಆಲೂಗೆಡ್ಡೆ ಬಡಿಸಿಕೊಂಡಳು, ಅದನ್ನು ತಟ್ಟೆಯಲ್ಲಿ ಅಗಲವಾಗಿ ಹರಡಿದಳು. ನಾಲ್ಕಾರು ಹುರುಳಿಕಾಯಿ. ಅರ್ಧ ಬನ್ನು. ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳುತ್ತಿದ್ದಾಳೆ ಎಂದು ಸಿಗ್ನೆಗೆ ತಿಳಿಯಿತು. ಯಾವುದಕ್ಕೆ? ಇಲ್ಲಿಯ ಹಕ್ಕಿಗೋ, ಅಲ್ಲಿಯದಕ್ಕೋ? ಮಗಳ ತಟ್ಟೆಯನ್ನು ಹೀಗೆ ಕಳ್ಳನಂತೆ ನೋಡುತ್ತಿರುವುದಕ್ಕೆ ನಾಚಿಕೆಯಾಗಿ ಎದ್ದು ಓವನ್ನಿನ ಕಡೆಗೆ ಹೋದಳು.

ಕರ್ಟ್ ಹಾರ್ನ್ ಹೊಡೆಯುವುದಿಲ್ಲ. ಬಾಗಿಲಿಗೆ ಬರುತ್ತಾನೆ, ಮೆಲ್ಲಗೆ ಎರಡು ಸಲ ತಟ್ಟುತ್ತಾನೆ, ಕಾಲೊರಸಿನ ಮೇಲೆಯೇ ನಿಲ್ಲುತ್ತಾನೆ, ತಾನೇ ಹಾಸಿದ ನೆಲವನ್ನು ಬೂಟಿನಿಂದ ಕೊಳೆ ಮಾಡಬಾರದೆಂದು. "ಅಬ್ಬಾ, ಏನು ವಾಸನೆ!" ಎಂದ. ಆರ್ಡಿಸಳ ಮಂಡಿ ಹೇಗಿದೆ ಎಂದು ವಿಚಾರಿಸಿದ. ಲೈಲ್ ಆಟದ ಅಂಕ ಹೇಳಿದ. ಬ್ರಿಟಾ ಕೋಟು, ಟೊಪ್ಪಿ, ಕೈಗವಸು ಹಾಕಿಕೊಂಡು ನಿಂತಳು. ಎಲ್ಲರೂ ಎಷ್ಟು ಒಳ್ಳೆಯವರಾಗಿದ್ದರು. "ಒಂದು ನಿಮಿಷ," ಎಂದಳು ಸಿಗ್ನೆ. "ಒಂದೇ ನಿಮಿಷ ನಿಲ್ಲಿ." ಅಡುಗೆಮನೆಗೆ ಓಡಿದಳು. ಓವನ್ ತೆರೆದಳು, ತಟ್ಟೆಯನ್ನು ಅರ್ಧಕ್ಕೆ ಎಳೆದಳು, ಬಿಸಿ ಮುಖಕ್ಕೆ ಬಡಿಯಿತು, ಕನ್ನಡಕ ಮಂಜಾಯಿತು. ಕುರುಡಿಯ ಹಾಗೆ ಎದೆಯ ಮೇಲೆ ಕತ್ತಿ ಇಟ್ಟು ಇಳಿಸಿದಳು. ತೆಳುವಾಗಿ ಹೆರೆದುಕೊಳ್ಳಬೇಕಿತ್ತು. ತೆಳು ಹೋಳು ಕೊಡಲು ಮನಸ್ಸಾಗಲಿಲ್ಲ. ಒಳ್ಳೆಯದು, ದಪ್ಪನೆಯದು, ಒಬ್ಬ ತಾಯಿ ಕೊಡುವಂಥದು. ಫೋರ್ಕಿಗೆ ಚುಚ್ಚಿಕೊಂಡು, ಕೆಳಗೆ ಅಂಗೈ ಹಿಡಿದು, ರಸ ತೊಟ್ಟಿಕ್ಕಿಸುತ್ತಾ ಬಾಗಿಲಿಗೆ ಬಂದಳು.

"ತಗೋ, ಒಂದು ಚೂರು. ರುಚಿ ನೋಡ್ಕೊಂಡು ಹೋಗು."

ಬಾಗಿಲು ತೆರೆದಿತ್ತು. ಹೊರಗಿನ ಹಿಮದ ಬೆಳಕು, ಯಾವುದನ್ನೂ ಮುಚ್ಚಿಡದ ಆ ಬಿಳಿ ಬೆಳಕು, ಹೋಳಿನ ಮೇಲೆ ಬಿತ್ತು. ಮೇಲೆ ಕಂದು, ಕೆಳಗೆ ಬಿಳಿ. ಅದರ ಕೆಳಗೆ, ಕತ್ತಿ ಕೊನೆಗೆ ಮುಟ್ಟಿದ ಕಡೆ, ಗಾಜಿನಂತೆ ಒದ್ದೆಯಾಗಿ, ನಸುಗೆಂಪಗೆ, ಹಸಿ. ಸಿಗ್ನೆ ಅದನ್ನು ಕಂಡಳು. ಬ್ರಿಟಾ ಕಂಡಳು. ಬ್ರಿಟಾ ಕಂಡದ್ದನ್ನು ಸಿಗ್ನೆ ಕಂಡಳು. ಮಗಳ ಕಣ್ಣು ಹೋಳಿನಿಂದ ಅಮ್ಮನ ಮುಖಕ್ಕೆ ಬಂತು, ಅಲ್ಲಿ ಒಂದು ಕ್ಷಣ ಏನನ್ನೋ ಹುಡುಕಿತು. ಬೇಡ ಎನ್ನಬೇಕು. ಫೋರ್ಕನ್ನು ಹಿಂದಕ್ಕೆಳೆದುಕೊಳ್ಳಬೇಕು. ಬೆಂದಿಲ್ಲ ಕಣೇ, ಬಿಡು ಎಂದರೆ ಮುಗಿಯಿತು, ಮೂರು ಮಾತು. ಕರ್ಟ್ ಕಾಲೊರಸಿನ ಮೇಲೆ ನಿಂತಿದ್ದ. ಅವಳ ಕೈ ಮುಂದಕ್ಕೇ ಚಾಚಿಕೊಂಡಿತ್ತು, ಬಾಯಿ ನಗುತ್ತಲೇ ಇತ್ತು. ಬ್ರಿಟಾ ಕೈಗವಸಿನ ಬೆರಳಿಂದಲೇ ಹೋಳನ್ನು ಬಿಡಿಸಿಕೊಂಡು ಬಾಯಿಗಿಟ್ಟುಕೊಂಡಳು.

"ಚೆನ್ನಾಗಿದೆ ಅಮ್ಮ," ಎಂದಳು ಬಾಯಿ ತುಂಬ. ಒಂದು ಕೈಯಿಂದ ಅಮ್ಮನನ್ನು ತಬ್ಬಿ ಮೆಟ್ಟಿಲಿಳಿದಳು.

ಕಾರು ತಿರುವಿನಲ್ಲಿ ಮರೆಯಾಯಿತು. ಸಿಗ್ನೆ ಅಡುಗೆಮನೆಗೆ ಬಂದು ಹಕ್ಕಿಯ ಎದೆಯಲ್ಲಿ ತಾನು ಮಾಡಿದ ಗಾಯವನ್ನು ನೋಡಿದಳು. ಕೆಂಪು ನೀರು ಜಿನುಗುತ್ತಿತ್ತು. ಅಲ್ಲಿ ಬೆರಳಿಟ್ಟಳು. ಉಗುರುಬೆಚ್ಚಗೂ ಇರಲಿಲ್ಲ. ಹಸಿ ಕೋಳಿ ತಿಂದರೆ ಏನಾಗುತ್ತದೆಂದು ಈ ದೇಶದ ಪ್ರತಿ ಮಗುವಿಗೂ ಗೊತ್ತು. ವಾಂತಿ, ಜ್ವರ, ಆಸ್ಪತ್ರೆಯ ಬಿಳಿ ಹಾಸಿಗೆ. ಗೊತ್ತಿದ್ದೂ ಮಗಳು ತಿಂದಳು, ಗೊತ್ತಿದ್ದೂ ತಾನು ತಿನ್ನಿಸಿದಳು. ಯಾಕೆ? ಒಬ್ಬರ ಮುಂದೆ ಇನ್ನೊಬ್ಬರಿಗೆ ಅವಮಾನವಾಗಬಾರದೆಂದು. ಮೇಜಿನ ಕಡೆಯಿಂದ ಆರ್ಡಿಸ್ ಪೈ ಕತ್ತರಿಸುವ ಸದ್ದು. ಸಿಗ್ನೆ ಕೈ ತೊಳೆದಳು, ಮತ್ತೆ ತೊಳೆದಳು. ಫೋನ್ ಎತ್ತಿದಳು, ಇಟ್ಟಳು. ಅವರು ತಲುಪಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸಿಂಕಿನ ಅಂಚು ಹಿಡಿದು ನಿಂತು, ಹೇಳಬೇಕಾದ ಮಾತನ್ನು ಬಾಯಲ್ಲೇ ಕೂಡಿಸಿದಳು. ಆಮೇಲೆ ಕರೆ ಮಾಡಿದಳು.

"ಏನು ಸಿಗ್ನೆ?" ಅವನ ಹಿಂದೆ ಜನರ ಗದ್ದಲ, ತಟ್ಟೆಗಳ ಸದ್ದು.

"ಬ್ರಿಟಾ ಹೇಗಿದಾಳೆ?"

"ಹೇಗಿದಾಳೆ ಅಂದ್ರೆ? ಈಗ ತಾನೆ ಬಂದ್ವಿ. ಬೂಟು ಬಿಚ್ತಿದಾಳೆ."

"ಕರ್ಟ್, ನಾನು ಕೊಟ್ಟ ಹೋಳು ಬೆಂದಿರಲಿಲ್ಲ. ನಾನು ನೋಡ್ದೆ. ನೋಡಿಯೂ ಕೊಟ್ಟೆ." ಒಂದೇ ಉಸಿರಿನಲ್ಲಿ ಹೇಳಿದಳು. "ರಾತ್ರಿ ಹೊಟ್ಟೆ ನೋವು ಅಂದ್ರೆ, ಜ್ವರ ಬಂದ್ರೆ ಕಾಯ್ತಾ ಕೂರಬೇಡ, ಡಾಕ್ಟರ್ ಹತ್ರ ಕರ್ಕೊಂಡು ಹೋಗು. ನನ್ನ ಬಗ್ಗೆ ಏನು ಬೇಕಾದ್ರೂ ಹೇಳು, ಹಸಿ ಕೋಳಿ ತಿನ್ನಿಸಿದ್ಲು ಅಂತ ಹೇಳು."

ಹೆಜ್ಜೆ ಸದ್ದು, ಬಾಗಿಲು ಮುಚ್ಚಿದ ಸದ್ದು, ಗದ್ದಲ ದೂರವಾಯಿತು.

"ಅವಳು ತಿಂದಿಲ್ಲ ಬಿಡು," ಎಂದ ಮೆಲ್ಲಗೆ.

"ತಿಂದ್ಲು. ನನ್ನ ಎದುರಿಗೇ."

"ಬಾಯಲ್ಲಿಟ್ಕೊಂಡಿದ್ಲು. ನಿಮ್ಮ ಬೀದಿ ದಾಟೋವರೆಗೂ ಹಾಗೇ ಕೂತಿದ್ಲು, ಮಾತಿಲ್ಲ. ಆಮೇಲೆ ಕಾಗದ ಕೇಳಿ ಉಗುಳಿದ್ಲು, ಕಾರು ನಿಲ್ಲಿಸಿ ಬಾಯಿ ಮುಕ್ಕಳಿಸಿದ್ಲು. ನಿಂಗೆ ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡಿದಾಳೆ. ನಾನು ಹೇಳ್ತಿರಲಿಲ್ಲ. ನೀನು ಹೆದರ್ಕೊಂಡಿದೀಯ ಅಂತ ಹೇಳ್ದೆ."

ಬೀದಿ ದಾಟುವವರೆಗೂ. ಹಿಂದಿನ ಗಾಜಿನಲ್ಲಿ ಅಮ್ಮ ಬಾಗಿಲಲ್ಲಿ ನಿಂತು ಕೈ ಬೀಸುತ್ತಿರುವುದು ಕಾಣುವವರೆಗೂ. ಕೆನ್ನೆಯೊಳಗೆ ಆ ತಣ್ಣನೆಯ ತುಂಡನ್ನಿಟ್ಟುಕೊಂಡು, ಉಸಿರು ಹಿಡಿದುಕೊಂಡು.

"ಒಳ್ಳೇದಾಯ್ತು," ಎಂದಳು ಸಿಗ್ನೆ. ಮನಸಾರೆ ಹೇಳಿದಳು, ನಿರಾಳವಾಗಿ. "ಒಳ್ಳೇದಾಯ್ತು ಕರ್ಟ್. ನಾನು ಫೋನ್ ಮಾಡಿದ್ದೆ ಅಂತ ಅವಳಿಗೆ ಹೇಳಬೇಡ."

"ಹೇಳಲ್ಲ."

ಊಟದ ಕೋಣೆಯಲ್ಲಿ ದೀಪ ಹಾಕಿದ್ದರು. ಲೈಲ್ ಸೋಫಾದಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಆರ್ಡಿಸ್ ಒಬ್ಬಳೇ ಮೇಜಿನ ಮುಂದೆ, ಬ್ರಿಟಾಳ ತಟ್ಟೆಯಲ್ಲಿ ಉಳಿದಿದ್ದನ್ನು ತನ್ನ ತಟ್ಟೆಗೆ ಸರಿಸಿಕೊಳ್ಳುತ್ತಾ ಕೂತಿದ್ದಳು. ತಲೆಯೆತ್ತದೆ ಕೇಳಿದಳು, "ಯಾರಿಗೆ ಫೋನು? ಕೂಸು ತಲುಪಿತಂತಾ?"

"ಹೂಂ."

"ಏನಂತೆ?"

ಸಿಗ್ನೆ ಅಮ್ಮನ ಎದುರಿನ ಕುರ್ಚಿ ಎಳೆದುಕೊಂಡಳು.

"ಚೆನ್ನಾಗಿತ್ತಂತಮ್ಮ. ಇನ್ನೊಂದು ಹೋಳು ಕೇಳಬೇಕಿತ್ತು ಅಂತಿದ್ಲಂತೆ."

ಆರ್ಡಿಸ್ ಈಗ ತಲೆಯೆತ್ತಿದಳು. ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಮತ್ತೆ?" ಎಂದಳು. "ಸುಮ್ನೆ ಒದ್ದಾಡಿದೆ ಬೆಳಗ್ಗೆಯಿಂದ." ಆಲೂಗೆಡ್ಡೆಯ ಬಟ್ಟಲನ್ನು ಅವಳ ಕಡೆಗೆ ತಳ್ಳಿದಳು, ಅರ್ಧ ಬನ್ನನ್ನು ಮುರಿದು ಅವಳ ಮುಂದಿಟ್ಟಳು. "ನೀನು ಏನೂ ತಿಂದಿಲ್ಲ. ತಿನ್ನು."

ಸಿಗ್ನೆ ಬನ್ನಿನ ತುಂಡನ್ನು ಬಾಯಿಗಿಟ್ಟುಕೊಂಡಳು. ಅದು ಅಲ್ಲೇ ಕೂತಿತು. ಅಮ್ಮ ನೋಡುತ್ತಿದ್ದಳು. ಸಿಗ್ನೆ ನುಂಗಿದಳು.